ಷಾಕ್ ಹೊಡೆಯದ ಕರೆಂಟು ಸುಡುವುದಿಲ್ಲವೇ?

ಹೋದ ವರ್ಷ ಸಂಕ್ರಾಂತಿ ಮುಗಿದ ವಾರದ ಮಾತು. ಶಾಲೆ ಬಿಡುವ ಹೊತ್ತಿಗೆ ನಮ್ಮ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತರು. ಹಿಂದೆ ಮಗಳು, ಅವಳ ಕೈಯಲ್ಲಿ ಒಂದು ಸುತ್ತು ಕೆಂಪು-ಕಪ್ಪು ವಯರು. ಇಬ್ಬರ ಮುಖವೂ ಬಿಗಿದಿತ್ತು.

“ಸರ, ಈಕಿಗೆ ಏನು ಹೇಳಿಕೊಟ್ಟೀರ್ರಿ? ಈ ಸಲ ಮೈಲಾರ ಜಾತ್ರಿಗೆ ಟ್ರ್ಯಾಕ್ಟರ್ ಬ್ಯಾಟರಿಯಿಂದ ತಾಡಪತ್ರಿ ಒಳಗ ಲೈಟ್ ಮಾಡ್ತೇನಂತ ಹಟ ಹಿಡದಾಳ. ಹೋದ ಸಲ ನಮ್ಮ ಹುಡುಗರು ಹಿಂಗ ಮಾಡಿ ಬ್ಯಾಟರಿ ಇಳಿಸಿಬಿಟ್ರು. ಬೆಳಿಗ್ಗೆ ಹತ್ತು ಮಂದಿ ಕೂಡಿ ಟ್ರ್ಯಾಕ್ಟರ್ ನೂಕಿದ್ವಿ. ಬ್ಯಾಡಂತ ನೀವಽ ಒಂದು ಮಾತು ಹೇಳ್ರಿ.”

ಮಗಳು ಬಿಡಲಿಲ್ಲ. “ಸರ, ಹನ್ನೆರಡು ವೋಲ್ಟ್ ಷಾಕ್ ಹೊಡಿಯಂಗಿಲ್ಲಲ್ರಿ. ಮತ್ತ ಹೆದರಿಕಿ ಯಾಕ್ರಿ?”

ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕೆಂದರೆ ಅವಳು ಆಡಿದ ಮಾತನ್ನೇ, ಹೆಚ್ಚು ಕಡಿಮೆ ಅದೇ ಶಬ್ದಗಳಲ್ಲಿ, 1996ರಲ್ಲಿ ನಾನು ನಮ್ಮವ್ವನಿಗೆ ಹೇಳಿದ್ದೆ. ಆ ಮಾತಿನ ಬೆಲೆ ಎಷ್ಟೆಂದು ಅದೇ ರಾತ್ರಿ ತಿಳಿಯಿತು.

ವಿದ್ಯಾರ್ಥಿ ಮಿತ್ರರೇ, ಈ ವಾರ ಆ ರಾತ್ರಿಯ ಕಥೆಯನ್ನೂ, ಆ ಹುಡುಗಿಗೆ ನಾನು ಹೇಳಿದ ಲೆಕ್ಕವನ್ನೂ ನಿಮ್ಮ ಮುಂದಿಡುತ್ತೇನೆ. ಪಾಲಕರೂ ಓದಬೇಕು. ಟ್ರ್ಯಾಕ್ಟರ್ ನಿಮ್ಮದು, ಮಕ್ಕಳೂ ನಿಮ್ಮವರು.

ನಮ್ಮ ಗಾಲಿಯ ಮನೆ

ಹೊರದೇಶಗಳಲ್ಲಿ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ವಾಹನಗಳಲ್ಲಿ ಸಂಸಾರ ಸಮೇತ ಊರೂರು ತಿರುಗುವವರಿದ್ದಾರೆ. ಅದಕ್ಕೆ ಕ್ಯಾಂಪರ್ ಎನ್ನುತ್ತಾರೆ. ಎಲ್ಲಾದರೂ ನಿಲ್ಲಿಸಿದಾಗ ವಾಹನದ ಪಕ್ಕಕ್ಕೆ ಬಟ್ಟೆಯ ಚಪ್ಪರ ಎಳೆದು, ಅದರ ಕೆಳಗೆ ತಾವೇ ಮಾಡಿದ ದೀಪ ತೂಗುಹಾಕಿ ಊಟಕ್ಕೆ ಕೂರುತ್ತಾರೆ. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಕಡೆ ಇದು ತಲೆತಲಾಂತರದಿಂದ ನಡೆದು ಬಂದದ್ದು. ಮೊದಲು ಚಕ್ಕಡಿ ಇತ್ತು, ಈಗ ಟ್ರ್ಯಾಕ್ಟರ್ ಬಂದಿದೆ, ಅಷ್ಟೇ ವ್ಯತ್ಯಾಸ. ಉಳವಿಯ ಚನ್ನಬಸವೇಶ್ವರ ಜಾತ್ರೆಗೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ನಮ್ಮ ತಾಲ್ಲೂಕಿನದೇ ಆದ ದೇವರಗುಡ್ಡಕ್ಕೆ, ಹೊಳೆಯಾಚೆಯ ಮೈಲಾರಕ್ಕೆ ಜನ ಹೋಗುವುದು ಹೀಗೆಯೇ. ಟ್ರೇಲರಿನಲ್ಲಿ ಹುಲ್ಲು ಹಾಸಿ ಮೇಲೆ ಕೌದಿ ಹಾಸುತ್ತಾರೆ. ರೊಟ್ಟಿಯ ಗಂಟು, ಚಟ್ನಿಪುಡಿಯ ಡಬ್ಬಿ, ನೀರಿನ ಕೊಡ ಏರಿಸುತ್ತಾರೆ. ಹೋಗಿ ಮುಟ್ಟಿದ ಮೇಲೆ ಟ್ರೇಲರಿನ ಅಂಚಿಗೆ ತಾಡಪತ್ರಿ ಕಟ್ಟಿ, ಇನ್ನೊಂದು ಬದಿಗೆ ಎರಡು ಬಿದಿರಿನ ಗಳ ನಿಲ್ಲಿಸಿದರೆ ಬಿಡಾರ ಸಿದ್ಧ.

ಈ ಬಿಡಾರದಲ್ಲಿ ಕೊರತೆ ಒಂದೇ, ಬೆಳಕು. ನಾನು ಸಣ್ಣವನಿದ್ದಾಗ ಕಂದೀಲು ಇತ್ತು. ಸ್ಥಿತಿವಂತರ ಬಿಡಾರದಲ್ಲಿ ಗ್ಯಾಸ್ ಬತ್ತಿ ಭುಸುಗುಡುತ್ತಿತ್ತು. ಒಣಹುಲ್ಲಿನ ಪಕ್ಕದಲ್ಲಿ ಸೀಮೆಎಣ್ಣೆಯ ಉರಿ! ಹಿರಿಯರು ಅದನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುತ್ತಿದ್ದರೆಂದರೆ, ಕಂದೀಲಿನ ಹತ್ತಿರ ಮಕ್ಕಳು ಸುಳಿದರೆ ಬೆನ್ನ ಮೇಲೆ ಗುದ್ದು ಬೀಳುತ್ತಿತ್ತು. ಕಣ್ಣಿಗೆ ಕಾಣುವ ಬೆಂಕಿಗೆ ಎಲ್ಲರೂ ಹೆದರುತ್ತಾರೆ. ತಂತಿಯೊಳಗೆ ಕುಳಿತ ಬೆಂಕಿ ಯಾರಿಗೂ ಕಾಣುವುದಿಲ್ಲ.

1996ರ ಆ ರಾತ್ರಿ

ಆಗಿನ್ನೂ ಹಾವೇರಿ ಜಿಲ್ಲೆ ಆಗಿರಲಿಲ್ಲ, ಅದಾದದ್ದು 1997ರಲ್ಲಿ. ನಾವು ಧಾರವಾಡ ಜಿಲ್ಲೆಯವರು. ಮೈಲಾರವಿರುವ ಹೂವಿನಹಡಗಲಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ಅದು ವಿಜಯನಗರ ಜಿಲ್ಲೆಗೆ ಸೇರಿದೆ. ನಾನು ಬಿಎಸ್ಸಿ, ಬಿಇಡಿ ಮುಗಿಸಿ ನೌಕರಿ ಸೇರಿ ಎರಡು ವರ್ಷವಾಗಿತ್ತು. ಭಾರತ ಹುಣ್ಣಿಮೆಗೆ ಅಣ್ಣನ ಟ್ರ್ಯಾಕ್ಟರಿನಲ್ಲಿ ಮನೆಮಂದಿಯೆಲ್ಲ ಮೈಲಾರಕ್ಕೆ ಹೊರಟೆವು.

ಹೊಸ ಮಾಸ್ತರನ ಹುರುಪು ನೋಡಿ! ಮೋಟಾರ್ ಅಂಗಡಿಯಿಂದ ಹಳೆಯ ಹೆಡ್‌ಲೈಟಿನ ಬಲ್ಬು ತಂದಿದ್ದೆ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಎರಡು ಎಳೆ ವಯರು ಎಳೆದು, ಟ್ರೇಲರಿನ ಅಂಚಿನ ಮೇಲಿಂದ ಹಾಯಿಸಿ, ತಾಡಪತ್ರಿಯ ಕೆಳಗೆ ಬಲ್ಬು ಕಟ್ಟಿದೆ. ಬೆಳಕು ಝಗ್ ಎಂದಿತು. ಅಕ್ಕಪಕ್ಕದ ಬಿಡಾರದವರು ಬಂದು ನೋಡಿದರು. ನನಗೆ ಎದೆಯುಬ್ಬಿತು. ಅವ್ವ ಮಾತ್ರ, “ತಮ್ಮಾ, ಹುಲ್ಲಿನ ಮ್ಯಾಲೆ ವಯರ್ ಬಿಟ್ಟೀಯಲ್ಲೋ” ಎಂದಳು. “ಹನ್ನೆರಡು ವೋಲ್ಟ್ ಅವ್ವಾ, ಮುಟ್ಟಿದರೂ ಷಾಕ್ ಹೊಡಿಯಂಗಿಲ್ಲ” ಎಂದು ತಂತಿಯ ತುದಿ ಮುಟ್ಟಿ ತೋರಿಸಿದೆ.

ನಡುರಾತ್ರಿ ಯಾರೋ ಚಳಿಯೆಂದು ಟ್ರೇಲರಿನ ಹಿಂಬದಿಯ ಬಾಗಿಲು ಎತ್ತಿ ಮುಚ್ಚಿದರು. ವಯರು ಅದರ ಸಂದಿಯಲ್ಲಿ ಸಿಕ್ಕಿತು. ಕಬ್ಬಿಣದ ಅಂಚು ಪ್ಲಾಸ್ಟಿಕ್ ಹೊದಿಕೆಯನ್ನು ಕತ್ತರಿಸಿ ಒಳಗಿನ ತಾಮ್ರಕ್ಕೆ ತಾಗಿತು. ಬಲ್ಬು ಮಂಕಾದದ್ದನ್ನು ನಾವು ಯಾರೂ ಗಮನಿಸಲಿಲ್ಲ, ನಿದ್ದೆಯಲ್ಲಿದ್ದೆವು. ಹುಲ್ಲು ಹೊಗೆಯಾಡತೊಡಗಿತು. ಹುಲ್ಲಿನ ಮೇಲೆ ಕೌದಿ, ಕೌದಿಯ ಮೇಲೆ ಅಣ್ಣನ ನಾಲ್ಕು ವರ್ಷದ ಮಗಳು ಮಲಗಿದ್ದಳು.

ಎಚ್ಚರವಿದ್ದವಳು ಅವ್ವ ಒಬ್ಬಳೇ. ಹೊಗೆಯ ವಾಸನೆಗೆ ಎದ್ದವಳು ಮೊದಲು ಮಗುವನ್ನು ಎಳೆದುಕೊಂಡಳು, ಆಮೇಲೆ ಕೊಡದ ನೀರನ್ನು ಹುಲ್ಲಿಗೆ ಸುರಿದಳು. ನಾನು ಎದ್ದು ಓಡಿ ಹೋಗಿ ಬ್ಯಾಟರಿಯಿಂದ ವಯರನ್ನು ಕಿತ್ತೆ. ಬೆರಳು ಸುಟ್ಟಿತು. ಅಷ್ಟು ಉದ್ದದ ವಯರು ಮೆತ್ತಗಾಗಿ, ಹೊದಿಕೆ ಕರಗಿ ಹುಲ್ಲಿಗೆ ಅಂಟಿತ್ತು. ಕೌದಿಯಲ್ಲಿ ತಾಟಿನಷ್ಟು ಅಗಲದ ತೂತು ಬಿದ್ದಿತ್ತು. ಮಗುವಿಗೆ ಏನೂ ಆಗಲಿಲ್ಲ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಟ್ಟ ವಯರನ್ನು ಕೈಯಲ್ಲಿ ಹಿಡಿದು ಒಂದೇ ಮಾತು ಕೇಳಿದ: “ತಮ್ಮಾ, ಸಾಲಿಯೊಳಗ ಹುಡುಗರಿಗೆ ಇದನ್ನಽ ಕಲಿಸ್ತೀಯೇನು?”

ಷಾಕ್ ಬೇರೆ, ಶಾಖ ಬೇರೆ

ಆ ಪ್ರಶ್ನೆಗೆ ನಾನು ಕೊಡಬೇಕಿದ್ದ ಉತ್ತರ ಪಠ್ಯಪುಸ್ತಕದಲ್ಲಿಯೇ ಇತ್ತು. ನಾನು ಅದನ್ನು ಪರೀಕ್ಷೆಗೆ ಓದಿದ್ದೆನೇ ಹೊರತು ಟ್ರೇಲರಿಗೆ ಹಚ್ಚಿರಲಿಲ್ಲ. ಓದಿ ಓದಿ ಮರುಳಾದ ಕೂಚಂಭಟ್ಟ ಎಂಬ ಗಾದೆ ಇರುವುದು ನನ್ನಂಥವರಿಗಾಗಿಯೇ.

ಷಾಕ್ ಹೊಡೆಯಬೇಕಾದರೆ ಪ್ರವಾಹ ನಮ್ಮ ಮೈಯೊಳಗೆ ಹರಿಯಬೇಕು. ಒಣಗಿದ ಚರ್ಮದ ರೋಧ ಸಾವಿರಾರು ಓಮ್. ಹನ್ನೆರಡು ವೋಲ್ಟಿಗೆ ಅದರೊಳಗೆ ನುಗ್ಗುವ ಬಲವಿಲ್ಲ. ಹೀಗಾಗಿ ಮುಟ್ಟಿದರೆ ಏನೂ ಆಗುವುದಿಲ್ಲ. ಆದರೆ ತಾಮ್ರದ ತಂತಿಯ ರೋಧ ಒಂದು ಓಮ್ ಕೂಡ ಇರುವುದಿಲ್ಲ. ಅಲ್ಲಿ ಅದೇ ಹನ್ನೆರಡು ವೋಲ್ಟು ಹೊಳೆಯಂತೆ ಹರಿಯಬಲ್ಲದು. ಕೈಗೆ ಸೌಮ್ಯವಾದದ್ದು ಹುಲ್ಲಿಗೂ ಸೌಮ್ಯ ಎಂದು ತಿಳಿದದ್ದೇ ನನ್ನ ತಪ್ಪು.

ಲೆಕ್ಕ ನೋಡೋಣ. ನಾನು ಬಳಸಿದಂಥ 0.75 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.023 ಓಮ್. ಆರು ಮೀಟರಿಗೆ ಸುಮಾರು 0.14 ಓಮ್. ಮರಳಿ ಹೋಗುವ ದಾರಿ ಎರಡನೆಯ ತಂತಿಯೇ ಆಗಬೇಕೆಂದಿಲ್ಲ. ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯ ಋಣ ತುದಿಯನ್ನು ಯಂತ್ರದ ಕಬ್ಬಿಣಕ್ಕೇ ಜೋಡಿಸಿರುತ್ತಾರೆ. ಟ್ರೇಲರು ಕಬ್ಬಿಣದ ಕೊಂಡಿಯಿಂದ ಟ್ರ್ಯಾಕ್ಟರಿಗೆ ಸೇರಿದೆ. ಹೀಗಾಗಿ ಧನ ತಂತಿ ಟ್ರೇಲರಿನ ಯಾವ ಮೂಲೆಗೆ ತಾಗಿದರೂ ಮಂಡಲ ಪೂರ್ತಿಯಾಯಿತು. ತುಕ್ಕು ಹಿಡಿದ ಕೊಂಡಿ, ಬ್ಯಾಟರಿಯ ಒಳರೋಧ ಎಲ್ಲವನ್ನೂ ಸೇರಿಸಿ ಒಟ್ಟು ರೋಧ 0.3 ಓಮ್ ಎಂದು ಹಿಡಿಯಿರಿ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಓಮನ ನಿಯಮದಂತೆ 12.6ನ್ನು 0.3ರಿಂದ ಭಾಗಿಸಿದರೆ 42 ಆಂಪಿಯರ್!

ಈ ತಂತಿ 6 ಆಂಪಿಯರ್‌ವರೆಗೆ ಹೆಚ್ಚು ಕಾಯದೆ ಹೊರುತ್ತದೆ. 42 ಎಂದರೆ ಅದರ ಏಳು ಪಟ್ಟು. ಆದರೆ ಶಾಖ ಏಳು ಪಟ್ಟಲ್ಲ. ಜೌಲನ ನಿಯಮ ನೆನಪಿದೆಯೇ? ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಏಳರ ವರ್ಗ ನಲವತ್ತೊಂಬತ್ತು. ಐದು ವ್ಯಾಟ್ ಶಾಖ ಸಹಿಸುತ್ತಿದ್ದ ತಂತಿಯ ಮೇಲೆ ಇನ್ನೂರೈವತ್ತು ವ್ಯಾಟ್ ಬಿದ್ದರೆ ಹೊದಿಕೆ ಕರಗದೆ ಇನ್ನೇನಾದೀತು? ಪರೀಕ್ಷೆಯಲ್ಲಿ ಆ ವರ್ಗದ ಚಿಹ್ನೆ ಮರೆತರೆ ಒಂದು ಅಂಕ ಹೋಗುತ್ತದೆ. ಟ್ರೇಲರಿನಲ್ಲಿ ಮರೆತರೆ ಹೋಗುವುದು ಬೇರೆ.

ಈ ಓಮ್ ಸಾಹೇಬರು ಯಾರೆಂದು ಬಲ್ಲಿರಾ? ಜರ್ಮನಿಯ ಕಲೋನ್ ನಗರದ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಒಬ್ಬ ಮಾಸ್ತರರು. ಶಾಲೆಯ ಪ್ರಯೋಗಶಾಲೆಯಲ್ಲಿ ಬೇರೆ ಬೇರೆ ತಂತಿ ಜೋಡಿಸಿ, ಅಳೆದು, 1827ರಲ್ಲಿ ತಮ್ಮ ಪುಸ್ತಕ ಪ್ರಕಟಿಸಿದರು. ತಂತಿಯನ್ನು ಜೋಡಿಸುವ ಮೊದಲು ಅಳೆಯಬೇಕೆಂಬ ಪಾಠ ನಮ್ಮ ವೃತ್ತಿಯವರಿಂದಲೇ ಬಂದದ್ದು. ಅದನ್ನು ಮರೆತ ಮಾಸ್ತರ ನಾನು!

ಕಾವಲುಗಾರ ಎಲ್ಲಿ ನಿಲ್ಲಬೇಕು?

ಈ ಅನಾಹುತವನ್ನು ತಡೆಯಲು ಬೇಕಾದದ್ದು ಒಂದು ಫ್ಯೂಸ್. ಗಾಜಿನ ನಳಿಕೆಯೊಳಗೆ ಕೂದಲಿನಂಥ ತಂತಿ, ಅಷ್ಟೇ. ರೇಡಿಯೋ ರಿಪೇರಿಯ ಅಂಗಡಿಯಲ್ಲಿ ಒಂದು ಕಪ್ ಚಹಾಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಪ್ರವಾಹ ಮಿತಿ ಮೀರಿದರೆ ಅದು ತಾನು ಕರಗಿ ನಮ್ಮ ತಂತಿಯನ್ನು ಉಳಿಸುತ್ತದೆ.

ಆದರೆ ಅದನ್ನು ಎಲ್ಲಿ ಹಾಕುತ್ತೀರಿ ಎಂಬುದು ಮುಖ್ಯ. ಬಹಳ ಜನ ದೀಪದ ಹತ್ತಿರ ಹಾಕುತ್ತಾರೆ. ಅದು ತಪ್ಪು. ಬ್ಯಾಟರಿಯಿಂದ ಫ್ಯೂಸಿನವರೆಗಿನ ತಂತಿಗೆ ಕಾವಲು ಇರುವುದಿಲ್ಲ. ನನ್ನ ತಂತಿ ತುಂಡಾದದ್ದು ನಡುದಾರಿಯಲ್ಲಿ. ದೀಪದ ಬಳಿ ಫ್ಯೂಸ್ ಇದ್ದಿದ್ದರೆ ಅದು ಸುಮ್ಮನೆ ನೋಡುತ್ತ ಕೂರುತ್ತಿತ್ತು. ಕಾವಲುಗಾರ ನಿಲ್ಲಬೇಕಾದದ್ದು ಹೆಬ್ಬಾಗಿಲಲ್ಲಿ, ಅಡುಗೆ ಮನೆಯಲ್ಲಲ್ಲ. ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಅದರ ಅಂಕೆ ತಂತಿ ಹೊರುವ ಪ್ರವಾಹಕ್ಕಿಂತ ಕಡಿಮೆ ಇರಲಿ. ಸುಟ್ಟುಹೋದರೆ ಅದರ ಜಾಗದಲ್ಲಿ ಬೀಡಿಕಟ್ಟಿನ ಬೆಳ್ಳಿ ಕಾಗದವನ್ನೋ ದಪ್ಪ ತಂತಿಯನ್ನೋ ಸುತ್ತಬೇಡಿ. ಅದು ಕಾವಲುಗಾರನನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದಂತೆ.

ಬ್ಯಾಟರಿ ಯಾಕೆ ಇಳಿಯಿತು?

ಈಗ ಆ ತಂದೆಯ ತಕರಾರಿಗೆ ಬರೋಣ. ಅದು ಹುರುಳಿಲ್ಲದ ಮಾತಲ್ಲ. ನಮ್ಮ ಕಡೆಯ ಟ್ರ್ಯಾಕ್ಟರುಗಳ ಬ್ಯಾಟರಿ ಸಾಮಾನ್ಯವಾಗಿ 75ರಿಂದ 100 ಆಂಪಿಯರ್-ಗಂಟೆಯದು. 88 ಎಂದು ಇಟ್ಟುಕೊಳ್ಳಿ. ಹೆಡ್‌ಲೈಟಿನ ಬಲ್ಬು 55 ವ್ಯಾಟ್. ಅದನ್ನು 12ರಿಂದ ಭಾಗಿಸಿದರೆ ಸುಮಾರು 4.6 ಆಂಪಿಯರ್. ಸಂಜೆ ಏಳರಿಂದ ಬೆಳಗಿನ ಐದರವರೆಗೆ ಹತ್ತು ಗಂಟೆ ಉರಿಸಿದರೆ 46 ಆಂಪಿಯರ್-ಗಂಟೆ, ಅಂದರೆ ಅರ್ಧಕ್ಕಿಂತ ಹೆಚ್ಚು. ಎರಡು ಬಲ್ಬು ಹಾಕಿದರೆ ಬೆಳಗಾಗುವ ಮೊದಲೇ ಬ್ಯಾಟರಿ ಖಾಲಿ. ಟ್ರ್ಯಾಕ್ಟರ್ ಚಾಲೂ ಮಾಡುವ ಮೋಟಾರಿಗೆ ಕೆಲವೇ ಕ್ಷಣ ಆದರೂ ಭಾರೀ ಪ್ರವಾಹ ಬೇಕು. ಅದು ಎಲ್ಲಿಂದ ಬರಬೇಕು? ಹತ್ತು ಮಂದಿ ನೂಕದೆ ಗತಿಯಿಲ್ಲ.

ಇಷ್ಟೆಲ್ಲ ಖರ್ಚು ಮಾಡಿ ಸಿಕ್ಕ ಬೆಳಕಾದರೂ ಎಷ್ಟು? ಕಾದ ತಂತಿಯ ಬಲ್ಬು ತಾನು ತಿಂದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗವನ್ನು ಶಾಖವಾಗಿ ಚೆಲ್ಲಿಬಿಡುತ್ತದೆ. ಅದು ಬೆಳಕು ಕೊಡುವ ಒಲೆ ಎಂದರೂ ನಡೆದೀತು.

ಎಲ್‌ಇಡಿ ಹಾಗಲ್ಲ. ಅದರಲ್ಲಿ ಕಾಯಬೇಕಾದ ತಂತಿಯೇ ಇಲ್ಲ. ಅರೆವಾಹಕದ ಹರಳಿನಲ್ಲಿ ಎಲೆಕ್ಟ್ರಾನು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿದಾಗ ಉಳಿದ ಶಕ್ತಿ ನೇರವಾಗಿ ಬೆಳಕಾಗುತ್ತದೆ. 1907ರಲ್ಲಿಯೇ ಇಂಗ್ಲೆಂಡಿನ ಎಚ್. ಜೆ. ರೌಂಡ್ ಎಂಬವರು ಕಾರ್ಬೊರಂಡಂ ಹರಳು ಹೀಗೆ ಮಿನುಗುವುದನ್ನು ಕಂಡಿದ್ದರು. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದರು. ಆದರೆ ನೀಲಿ ಬಣ್ಣ ಮೂವತ್ತು ವರ್ಷ ಸತಾಯಿಸಿತು. ನೀಲಿ ಇಲ್ಲದೆ ಬಿಳಿಯ ಬೆಳಕಿಲ್ಲ. ಜಪಾನಿನ ಅಕಸಾಕಿ, ಅಮಾನೊ ಮತ್ತು ನಕಮುರ ಅದನ್ನು ಸಾಧಿಸಿದರು. ಮೂವರಿಗೂ 2014ರ ನೊಬೆಲ್ ಬಹುಮಾನ ಬಂತು. ಇಂದು ನಿಮಗೆ ಸಿಗುವ ಬಿಳಿಯ ಎಲ್‌ಇಡಿ ನಿಜವಾಗಿ ನೀಲಿಯದೇ. ಅದರ ಮೇಲೆ ಸವರಿದ ಹಳದಿ ಹೊಳಪಿನ ಪುಡಿ ಅದನ್ನು ಬಿಳಿಯಾಗಿ ತೋರಿಸುತ್ತದೆ.

ದೀಪ ಮಾಡುವ ಬಗೆ

ಆ ಹುಡುಗಿಗೆ ನಾನು “ಬ್ಯಾಡ” ಎನ್ನಲಿಲ್ಲ. “ಮೊದಲು ಕಾಗದದ ಮೇಲೆ ಮಾಡು, ಅಪ್ಪನಿಗೆ ತೋರಿಸು. ಅವರು ಹೂಂ ಅಂದರೆ ಬೆಸುಗೆ ಹಾಕೋಣ” ಎಂದೆ. ಅವಳು ಮಾಡಿದ ದೀಪದ ಲೆಕ್ಕ ಹೀಗಿದೆ.

ಐದು ಮಿಲಿಮೀಟರಿನ ಬಿಳಿಯ ಎಲ್‌ಇಡಿ 24. ಒಂದೊಂದಕ್ಕೂ ಸುಮಾರು 3.2 ವೋಲ್ಟ್ ಬೇಕು. ಮೂರನ್ನು ಸಾಲಾಗಿ ಜೋಡಿಸಿದರೆ 9.6 ವೋಲ್ಟ್. ಇಂಥ ಎಂಟು ಸಾಲು. ಪ್ರತಿ ಸಾಲಿಗೂ ಒಂದು ರೆಸಿಸ್ಟರ್, ಅಂದರೆ ನಿಮ್ಮ ಪುಸ್ತಕದ ರೋಧಕ. ಅದು ಎಷ್ಟು ಓಮ್ ಇರಬೇಕು?

ಅವಳು ಮೊದಲು ಬರೆದದ್ದು: ಬ್ಯಾಟರಿ 12 ವೋಲ್ಟ್, ಉಳಿದದ್ದು 2.4 ವೋಲ್ಟ್, ಎಲ್‌ಇಡಿಗೆ ಮಿತಿ 20 ಮಿಲಿಆಂಪಿಯರ್, ಆದ್ದರಿಂದ 120 ಓಮ್. ಗಣಿತ ಸರಿ, ಉತ್ತರ ತಪ್ಪು! ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ವೋಲ್ಟಿನಲ್ಲಿ ಇರುವುದೇ ಅಪರೂಪ. ಪೂರ್ತಿ ತುಂಬಿ ಸುಮ್ಮನಿದ್ದಾಗ 12.6, ಎಂಜಿನ್ ಓಡುತ್ತ ಬ್ಯಾಟರಿ ತುಂಬುತ್ತಿರುವಾಗ 14.4ರವರೆಗೂ ಏರುತ್ತದೆ. ಆಗ ಉಳಿಯುವುದು 2.4 ಅಲ್ಲ, 4.8 ವೋಲ್ಟ್. 120 ಓಮಿನ ಮೂಲಕ 40 ಮಿಲಿಆಂಪಿಯರ್ ಹರಿಯುತ್ತದೆ. ಮಿತಿಯ ಇಮ್ಮಡಿ! ಎಲ್‌ಇಡಿ ಬೇಗ ಸಾಯುತ್ತದೆ.

ಆದ್ದರಿಂದ ಅತಿ ಹೆಚ್ಚಿನ ವೋಲ್ಟಿಗೇ ಲೆಕ್ಕ ಹಾಕಬೇಕು. 4.8ನ್ನು 0.02ರಿಂದ ಭಾಗಿಸಿದರೆ 240 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 270. ಕಾಲು ವ್ಯಾಟಿನದು ಸಾಕು. 12.6 ವೋಲ್ಟಿನಲ್ಲಿ ಪ್ರತಿ ಸಾಲಿಗೆ ಸುಮಾರು 11 ಮಿಲಿಆಂಪಿಯರ್, ಎಂಟು ಸಾಲಿಗೆ ಸುಮಾರು 90. ಹತ್ತು ಗಂಟೆಗೆ 0.9 ಆಂಪಿಯರ್-ಗಂಟೆ. ಬಲ್ಬಿನ 46 ಎಲ್ಲಿ, ಈ 0.9 ಎಲ್ಲಿ! ಬಲ್ಬಿನಷ್ಟು ಝಗಮಗ ಬೆಳಕು ಬರುವುದಿಲ್ಲ ನಿಜ. ಆದರೆ ಉಣ್ಣಲು, ಮಗುವನ್ನು ಮಲಗಿಸಲು, ಕಾಲಡಿ ಹುಳಹುಪ್ಪಟೆ ಇದೆಯೇ ಎಂದು ನೋಡಲು ಸಾಕು.

ಈ ಲೆಕ್ಕ ಬರುತ್ತಿದ್ದಂತೆ ಅವಳಿಗೇ ಹೊಳೆಯಿತು: “ಸರ, ಇಷ್ಟಽ ಸಾಕಾದ್ರ ಟ್ರ್ಯಾಕ್ಟರ್ ಬ್ಯಾಟರಿ ಯಾಕ ಬೇಕ್ರಿ?” ನಿಜ, ಬೇಕಾಗಿಲ್ಲ. ಕಂಪ್ಯೂಟರಿನ ಯುಪಿಎಸ್‌ನಲ್ಲಿ ಇರುವಂಥ 12 ವೋಲ್ಟ್, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ಸಾಕು. ಅರ್ಧಕ್ಕಿಂತ ಹೆಚ್ಚು ಇಳಿಸದಿದ್ದರೂ ಹತ್ತಿರ ಹತ್ತಿರ ನಾಲ್ಕು ರಾತ್ರಿ ಬರುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿಗೆ ಯಾರೂ ಕೈ ಹಚ್ಚುವುದಿಲ್ಲ. ತಂದೆಯ ಮುಖ ಸಡಿಲವಾದದ್ದು ಆಗಲೇ. ಆದರೆ ನೆನಪಿಡಿ, ಸಣ್ಣ ಬ್ಯಾಟರಿಯೂ ತುದಿಗಳು ಕೂಡಿಕೊಂಡರೆ ತಂತಿ ಸುಡುವಷ್ಟು ಪ್ರವಾಹ ಕೊಡುತ್ತದೆ. ಅದಕ್ಕೂ ಫ್ಯೂಸ್ ಬೇಕೇ ಬೇಕು. ಇಲ್ಲಿ 1 ಆಂಪಿಯರಿನದು ಸಾಕು.

ಎಲ್‌ಇಡಿಯ ಉದ್ದನೆಯ ಕಾಲು ಧನ, ಗಿಡ್ಡನೆಯದು ಋಣ. ಮನೆಯ ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಎರಡು ಅಡಿ ತೆಗೆದುಕೊಂಡು, ಮುಚ್ಚಳದಲ್ಲಿ ತೂತು ಕೊರೆದು ಎಲ್‌ಇಡಿ ಕೂರಿಸಿರಿ. ಒಳಗೆ ಬೆಸುಗೆ ಹಾಕಿ, ಪ್ರತಿ ಬೆಸುಗೆಗೂ ಟೇಪು ಸುತ್ತಿ ಮುಚ್ಚಿದರೆ ದೀಪ ಮುಗಿಯಿತು. ಬೆಸುಗೆಯ ಕಾವಲಿಗೆ ದೊಡ್ಡವರು ಪಕ್ಕದಲ್ಲಿರಲಿ.

ಬಿಡಾರದಲ್ಲಿ ಕಟ್ಟುವಾಗ

ಬೆಳಕು ಕಡಿಮೆ ಎನಿಸಿದರೆ ಎಲ್‌ಇಡಿ ಹೆಚ್ಚಿಸುವ ಮೊದಲು ತಲೆಯೆತ್ತಿ ನೋಡಿ. ನೀಲಿಯ ಅಥವಾ ಕಪ್ಪು ತಾಡಪತ್ರಿ ಬಿದ್ದ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಅದರ ಕೆಳಗೆ ಒಂದು ಬಿಳಿಯ ಪಂಚೆ ಕಟ್ಟಿ, ದೀಪವನ್ನು ಮೇಲ್ಮುಖವಾಗಿ ಪಂಚೆಯ ಕಡೆಗೆ ತಿರುಗಿಸಿರಿ. ಬೆಳಕು ಚದುರಿ ಎಲ್ಲ ಕಡೆ ಸಮನಾಗಿ ಬೀಳುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಹಳದಿ ಛಾಯೆಯ ಎಲ್‌ಇಡಿ ಸಿಕ್ಕರೆ ಇನ್ನೂ ಒಳ್ಳೆಯದು, ಅದಕ್ಕೆ ಹುಳಗಳು ಕಡಿಮೆ ಬರುತ್ತವೆ.

ತಂತಿ ಹುಲ್ಲಿನ ಮೇಲೆ ಹಾಯದಿರಲಿ, ಗಳಕ್ಕೆ ಕಟ್ಟಿ ಮೇಲಿನಿಂದ ತನ್ನಿರಿ. ಕಬ್ಬಿಣದ ಅಂಚು ದಾಟುವ ಕಡೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ತೊಡಿಸಿರಿ. ಬ್ಯಾಟರಿಯನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು ಮಕ್ಕಳು ಮಲಗುವ ಜಾಗದಿಂದ ದೂರ ಇಡಿ. ಅದರ ತುದಿಗಳ ಮೇಲೆ ಚಾಕು, ಸೌಟು, ಕೀಲಿಕೈ ಬೀಳದಂತೆ ಮುಚ್ಚಿರಿ. ಬ್ಯಾಟರಿ ತುಂಬುವಾಗ ಹೈಡ್ರೋಜನ್ ಅನಿಲ ಬರಬಹುದು. ಆದ್ದರಿಂದ ಗಾಳಿಯಾಡುವ ಜಾಗದಲ್ಲಿ ತುಂಬಿರಿ, ಹತ್ತಿರ ಬೀಡಿ, ಕಡ್ಡಿ ಬೇಡ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಜಾತ್ರೆಯಲ್ಲಿ ಕೆಲವರು ಕಂಬದ ತಂತಿಗೆ ಕೊಂಡಿ ಹಾಕಿ ಬೆಳಕು ಮಾಡುತ್ತಾರೆ. ಅದು 230 ವೋಲ್ಟ್. ಅದು ಷಾಕೂ ಹೊಡೆಯುತ್ತದೆ, ಸುಡಲೂ ಸುಡುತ್ತದೆ. ಇಬ್ಬನಿಯಲ್ಲಿ ತೊಯ್ದ ನೆಲ, ಬರಿಗಾಲು, ಕಬ್ಬಿಣದ ಟ್ರೇಲರು ಇರುವಲ್ಲಿ ಅದರ ಗೊಡವೆಗೆ ಹೋಗಲೇಬಾರದು. ಈ ಲೇಖನ ಓದಿ ಯಾರಾದರೂ ಆ ಕಡೆ ಕೈ ಚಾಚಿದರೆ ನನ್ನ ಶ್ರಮವೆಲ್ಲ ನೀರಿನಲ್ಲಿ ಹೋಮ.

ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ತಂದು ರಾತ್ರಿ ವಾಹನದಲ್ಲಿಯೇ ಮಲಗುವ ರೈತರಿಗೂ ಇದೇ ಮಾತು. ಒಣಮೆಣಸಿನಕಾಯಿಯ ಚೀಲವೂ ಒಣಹುಲ್ಲಿನ ಅಣ್ಣತಮ್ಮನೇ.

ಪಾಲಕರಿಗೆ ಎರಡು ಮಾತು

ಮಗುವಿನ ಕೈಯಲ್ಲಿ ವಯರು ಕಂಡ ತಕ್ಷಣ ಕಸಿದುಕೊಳ್ಳಬೇಡಿ. ಕಸಿದುಕೊಂಡರೆ ಅದು ನಿಮ್ಮ ಕಣ್ಣು ತಪ್ಪಿಸಿ ಜೋಡಿಸುತ್ತದೆ. ಹಾಗೆಂದು, ಜಾಣ ಮಗು ಎಂದು ಸುಮ್ಮನೆ ಬಿಡಲೂಬೇಡಿ. ನಾನೂ ಜಾಣನೆಂದೇ ಮನೆಯಲ್ಲಿ ಬಿಟ್ಟಿದ್ದರು. “ಲೆಕ್ಕ ತೋರಿಸು” ಎಂದು ಕೇಳಿ. ನಿಮಗೆ ಓಮನ ನಿಯಮ ಬಾರದಿದ್ದರೂ ಚಿಂತೆಯಿಲ್ಲ. ಎಷ್ಟು ಪ್ರವಾಹ, ಎಷ್ಟು ಹೊತ್ತು, ಫ್ಯೂಸ್ ಎಲ್ಲಿ ಎಂಬ ಮೂರು ಪ್ರಶ್ನೆ ಸಾಕು. ಮೂರಕ್ಕೂ ಉತ್ತರ ಬಂದರೆ ಜೋಡಿಸಲಿ. ಬಾರದಿದ್ದರೆ ಮತ್ತೆ ಪುಸ್ತಕ ತೆರೆಯಲಿ. ಹತ್ತನೆಯ ತರಗತಿಯ ವಿದ್ಯುಚ್ಛಕ್ತಿಯ ಪಾಠದಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗುವುದು ಬೇಡ.

ಹುಣ್ಣಿಮೆ ಕಳೆದು, ಕಾರಣಿಕ ಕೇಳಿಕೊಂಡು ಅವರೆಲ್ಲ ಊರಿಗೆ ಬಂದ ಮೇಲೆ ಆ ತಂದೆ ಮತ್ತೆ ಶಾಲೆಗೆ ಬಂದರು. ಕೈಯಲ್ಲಿ ಮೈಲಾರಲಿಂಗನ ಭಂಡಾರದ ಪೊಟ್ಟಣ. ದೀಪ ಹೇಗಾಯಿತೆಂದು ಕೇಳಿದೆ.

“ಚಲೋ ಆತ್ರಿ. ಎರಡನೇ ದಿನ ಸಂಜಿಮುಂದ ನಮ್ಮ ತಮ್ಮ ತಾಡಪತ್ರಿ ಹಗ್ಗ ಬಿಗಿಯಾಕ ಕಬ್ಬಿಣದ ಗೂಟ ಬಡದ್ರಿ. ಗಳದಿಂದ ಕೆಳಗ ಇಳಿದಿದ್ದ ವಯರಿನ ಮ್ಯಾಲೆ ಬಡದುಬಿಟ್ಟ. ದೀಪ ಪಟ್ಟನ ಆರಿತ್ರಿ.”

“ಆಮೇಲೆ?”

“ಆಮ್ಯಾಲೆ ಏನಿಲ್ರಿ. ಕತ್ತಲಾತು, ಅಷ್ಟಽ. ಈಕಿ ಬ್ಯಾಟರಿ ಹಂತ್ಯಾಕ ಹೋಗಿ ಆ ಗಾಜಿನ ನಳಿಗಿ ತೋರಿಸಿ, ‘ನೋಡು ಅಪ್ಪಾ, ಇದು ಸತ್ತು ನಮ್ಮನ್ನ ಉಳಿಸೇತಿ’ ಅಂದ್ಲು. ಹರಿದ ವಯರ್ ಕೂಡಿಸಿ ಟೇಪ್ ಸುತ್ತಿ, ಬ್ಯಾರೆ ನಳಿಗಿ ಹಾಕಿದ್ಲು. ಮತ್ತ ಹತ್ತಿತ್ರಿ.”

ಕತ್ತಲಾಯಿತು, ಅಷ್ಟೇ. ಇಷ್ಟು ಒಳ್ಳೆಯ ಸುದ್ದಿಯನ್ನು ನಾನು ಈಚೆಗೆ ಕೇಳಿರಲಿಲ್ಲ. ಅವರು ಹೋದ ಮೇಲೆ ಪ್ರಯೋಗಶಾಲೆಯ ಕಪಾಟು ತೆರೆದೆ. ಅವ್ವನ ಕೌದಿಯ ಸುಟ್ಟ ತುಂಡನ್ನು ನಾನು ಅಲ್ಲಿ ಇಟ್ಟಿದ್ದೇನೆ. ಪ್ರತಿ ವರ್ಷ ವಿದ್ಯುಚ್ಛಕ್ತಿಯ ಪಾಠ ಶುರುಮಾಡುವ ದಿನ ಮೊದಲು ಅದನ್ನು ಮೇಜಿನ ಮೇಲೆ ಹಾಸುತ್ತೇನೆ, ಸೂತ್ರ ಬರೆಯುವುದು ಆಮೇಲೆ. ಅಣ್ಣನ ಪ್ರಶ್ನೆಗೆ ನಾನು ಕೊಡುತ್ತಿರುವ ಉತ್ತರ ಅದು.

ಈ ವಾರದ ಪ್ರಶ್ನೆ: ಟ್ರ್ಯಾಕ್ಟರಿನ ಬ್ಯಾಟರಿಯಿಂದಲೇ ಎರಡು ತಂತಿ ಎಳೆದು ದೀಪ ಹಾಕಿದ್ದಾರೆ. ಫ್ಯೂಸ್ ಇದೆ, ಬ್ಯಾಟರಿಯ ಪಕ್ಕದಲ್ಲಿಯೇ ಇದೆ, ಆದರೆ ಋಣ ತುದಿಯ ತಂತಿಯಲ್ಲಿದೆ. ಧನ ತಂತಿ ಟ್ರೇಲರಿನ ಕಬ್ಬಿಣಕ್ಕೆ ತಾಗಿದರೆ ಆ ಫ್ಯೂಸ್ ಕರಗುತ್ತದೆಯೇ? ಚಿತ್ರ ಬರೆದು, ಪ್ರವಾಹ ಮರಳುವ ದಾರಿಯನ್ನು ಬೆರಳಿನಿಂದ ತಿದ್ದಿ ನೋಡಿ. ನನ್ನ 1996ರ ರಾತ್ರಿಯನ್ನು ಗಮನವಿಟ್ಟು ಓದಿದವರಿಗೆ ಉತ್ತರ ಕಷ್ಟವಲ್ಲ.